ಅಡುಗೆಮನೆಯ ಕಿಟಕಿಯಲ್ಲಿ ಸೊಪ್ಪು: ಬೆಳಕೇ ಬಂಡವಾಳ

ಸಾರಿಗೆ ಒಂದಿಷ್ಟು ಕೊತ್ತಂಬರಿ, ಒಗ್ಗರಣೆಗೆ ಒಂದೆರಡು ಎಸಳು ಕರಿಬೇವು, ಮಜ್ಜಿಗೆಗೆ ನಾಲ್ಕಾರು ಪುದೀನ ಎಲೆ. ನಿತ್ಯದ ಅಡುಗೆಗೆ ಬೇಕಾಗುವ ಪರಿಮಳದ ಸೊಪ್ಪು ಇಷ್ಟೇ. ಆದರೆ ಪೇಟೆಯಿಂದ ತರುವಾಗ ಇಡೀ ಕಟ್ಟನ್ನೇ ತರಬೇಕಾಗುತ್ತದೆ. ಅರ್ಧ ಬಳಸುವಷ್ಟರಲ್ಲಿ ಉಳಿದರ್ಧ ಬಾಡಿ, ಕೊಳೆತು ಕಸದ ಬುಟ್ಟಿ ಸೇರುತ್ತದೆ. ಹಿತ್ತಿಲಿದ್ದ ಮನೆಗಳಲ್ಲಿ ಈ ಸಮಸ್ಯೆ ಇರಲಿಲ್ಲ. ಹಿತ್ತಿಲಷ್ಟೇ ಅಲ್ಲ, ಎಷ್ಟೋ ಕಡೆ ತಾರಸಿಯ ಮೇಲಿನ ಹಕ್ಕೂ ಇಲ್ಲದ ಇಂದಿನ ವಸತಿ ಸಮುಚ್ಚಯಗಳಲ್ಲಿ ಅನೇಕರು ಮನೆಯೊಳಗೇ ಕುಂಡವಿಟ್ಟು ಸೊಪ್ಪು ಬೆಳೆಯಲು ಮುಂದಾಗುತ್ತಿದ್ದಾರೆ.

ಆರಂಭದ ಉತ್ಸಾಹ ಬಹಳ ದಿನ ಉಳಿಯುವುದಿಲ್ಲ. ತಿಂಗಳೊಳಗೆ ಸಸಿಗಳು ಬಿಳಿಚಿಕೊಳ್ಳುತ್ತವೆ, ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದು ಒಂದು ದಿನ ಮಗುಚಿ ಬೀಳುತ್ತವೆ. ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದು ಮನೆಯವರು ಕೈಚೆಲ್ಲುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಕೈಗುಣದ್ದಲ್ಲ, ಗೊಬ್ಬರದ್ದೂ ಅಲ್ಲ. ಕಿಟಕಿಗೆ ಬರುವ ಬೆಳಕನ್ನು ಅಳೆಯದೆ, ಇಷ್ಟಪಟ್ಟ ಗಿಡವನ್ನು ತಂದಿಟ್ಟಿದ್ದೇ ಅದಕ್ಕೆ ಕಾರಣ.

ಕಣ್ಣಿಗೆ ಸಾಕು, ಗಿಡಕ್ಕೆ ಸಾಲದು

ನಡುಹಗಲಿನ ನೇರ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ಬೆಳಕಿದೆ ಎನಿಸುವ ಕೋಣೆಯ ನಡುವೆ ಅಳೆದರೆ ಅದು ಕೆಲವು ನೂರು ಲಕ್ಸ್ ದಾಟುವುದಿಲ್ಲ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗನೆ ಹೊಂದಿಕೊಳ್ಳುವುದರಿಂದ ಈ ಅಂತರ ಅರಿವಿಗೆ ಬರುವುದಿಲ್ಲ. ಬೆಳಕಿನಿಂದಲೇ ಆಹಾರ ತಯಾರಿಸುವ ಗಿಡಕ್ಕಾದರೋ ಅದು ಉಪವಾಸ. ಕಿಟಕಿಯಿಂದ ಒಂದೆರಡು ಅಡಿ ಒಳಗೆ ಸರಿದರೂ ಬೆಳಕು ಗಣನೀಯವಾಗಿ ಕುಗ್ಗುತ್ತದೆ. ಆದ್ದರಿಂದ ಕುಂಡದ ಸ್ಥಾನ ಕಿಟಕಿಯ ಅಂಚಿನಲ್ಲೇ ಹೊರತು ಊಟದ ಮೇಜಿನ ಮೇಲಲ್ಲ.

ಬೆಳಕು ಕಡಿಮೆಯಾದಲ್ಲಿ ಗಿಡ ಹೀರುವ ನೀರೂ ಕಡಿಮೆ. ಹೊರಗಿನ ಗಿಡಕ್ಕೆ ಹಾಕುವಷ್ಟೇ ನೀರನ್ನು ಒಳಗಿನ ಕುಂಡಕ್ಕೂ ಹಾಕಿದರೆ ಮಣ್ಣು ಸದಾ ತೊಯ್ದಿದ್ದು, ಗಾಳಿಯಾಡದೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಅದನ್ನು ಕಂಡು ಇನ್ನಷ್ಟು ನೀರೆರೆದರೆ ಗಿಡ ಕೈಬಿಟ್ಟಂತೆಯೇ.

ಯಾವ ದಿಕ್ಕಿನ ಕಿಟಕಿ?

ಶೀತ ದೇಶಗಳ ತೋಟಗಾರಿಕೆ ಪುಸ್ತಕಗಳು ದಕ್ಷಿಣದ ಕಿಟಕಿಯೇ ಶ್ರೇಷ್ಠ ಎನ್ನುತ್ತವೆ. ಅಲ್ಲಿ ಸೂರ್ಯ ವರ್ಷವಿಡೀ ಮಧ್ಯಾಹ್ನ ದಕ್ಷಿಣದಲ್ಲೇ ಇರುತ್ತಾನೆ. ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿರುವುದರಿಂದ ಆ ಮಾತು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ತುಸು ಉತ್ತರಕ್ಕೇ ವಾಲಿರುತ್ತಾನೆ. ರಾಜ್ಯದ ಉತ್ತರಕ್ಕೆ ಹೋದಂತೆ ಈ ಅವಧಿ ಕಿರಿದಾಗುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಯ ಮೇಲಿನ ಸಜ್ಜಾ ಮಧ್ಯಾಹ್ನದ ಬಿಸಿಲನ್ನು ತಡೆಯುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ದೊರೆಯುವುದು ಅಪರೂಪ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಮಾತ್ರ ಅದೇ ಕಿಟಕಿಯಿಂದ ಬಿಸಿಲು ಕೋಣೆಯ ಒಳಗಿನವರೆಗೂ ಚಾಚುತ್ತದೆ.

ವರ್ಷವಿಡೀ ನೆಚ್ಚಬಹುದಾದದ್ದು ಪೂರ್ವದ ಕಿಟಕಿ. ಅಲ್ಲಿನ ಎಳೆಬಿಸಿಲು ಎಲೆ ಸುಡುವುದಿಲ್ಲ. ಪಶ್ಚಿಮದ ಕಿಟಕಿಗೂ ಬೆಳಕು ಸಾಕಷ್ಟಿದೆ. ಆದರೆ ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಸಂಜೆಯ ಬಿಸಿಲಿಗೆ ತೆಳುವಾದ ಪರದೆ ಅಗತ್ಯ. ಉತ್ತರದ ಕಿಟಕಿ ನೆರಳು ಸಹಿಸುವ ಸೊಪ್ಪುಗಳಿಗಷ್ಟೇ ಸರಿ.

ಯಂತ್ರವಿಲ್ಲದೆ ಬೆಳಕನ್ನು ಪರೀಕ್ಷಿಸುವ ಸುಲಭ ವಿಧಾನವೊಂದಿದೆ. ನಡುಹಗಲಿನಲ್ಲಿ ಕುಂಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆಯನ್ನಿಟ್ಟು, ಅದರಿಂದ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಮೂಡಿದರೆ ಬೆಳಕು ಉತ್ತಮ. ಮಸುಕಾಗಿದ್ದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಸೊಪ್ಪು ಬೆಳೆಯುವ ಆಸೆ ಬಿಡುವುದೇ ಲೇಸು.

ಬೆಳಕಿಗೆ ತಕ್ಕ ಸೊಪ್ಪು

ಮಧ್ಯಮ ಬೆಳಕು: ಪುದೀನ ಮತ್ತು ಒಂದೆಲಗ. ಹೊಸಬರಿಗೆ ಪುದೀನವೇ ಮೊದಲ ಪಾಠ. ಪೇಟೆಯಿಂದ ತಂದ ಕಟ್ಟಿನಲ್ಲಿ ಬಲಿತ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮುಳುಗುವಂತೆ ನೀರಿನ ಲೋಟದಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನಗಳಲ್ಲಿ ಬೇರು ಬರುತ್ತದೆ. ಬಳಿಕ ಅಗಲ ಬಾಯಿಯ ಕುಂಡಕ್ಕೆ ನೆಡಬಹುದು. ನೆಲದೊಳಗೆ ಹಬ್ಬುವ ಗುಣವಿರುವುದರಿಂದ ಇದಕ್ಕೆ ಪ್ರತ್ಯೇಕ ಕುಂಡ ಬೇಕು, ಇಲ್ಲವಾದರೆ ಜೊತೆಗಿರುವ ಸಸಿಗಳನ್ನು ಬೆಳೆಯಗೊಡದು. ತುಳುವಿನಲ್ಲಿ ತಿಮರೆ ಎನಿಸುವ ಒಂದೆಲಗ ತಂಬುಳಿಗೆ, ಚಟ್ನಿಗೆ ಒದಗುತ್ತದೆ. ಗದ್ದೆಬದುವಿನ ಈ ಸಸ್ಯಕ್ಕೆ ತೇವ ಮತ್ತು ಅರೆನೆರಳು ಎರಡೂ ಪ್ರಿಯ.

ಮೂರು ನಾಲ್ಕು ಗಂಟೆ ಬಿಸಿಲು: ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ದೊಡ್ಡಪತ್ರೆ. ನಾವು ಕೊತ್ತಂಬರಿ ಬೀಜ ಎನ್ನುವುದು ವಾಸ್ತವವಾಗಿ ಎರಡು ಬೀಜಗಳನ್ನೊಳಗೊಂಡ ಒಣಗಿದ ಕಾಯಿ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಹೋಳಾಗಿಸಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಎಂಟರಿಂದ ಹದಿನೈದು ದಿನಗಳಲ್ಲಿ ಮೊಳೆಯುತ್ತದೆ. ತಾಯಿಬೇರು ಕದಲಿದರೆ ಸೊರಗುವುದರಿಂದ ಸಸಿ ಕಿತ್ತು ನೆಡದೆ ನೇರವಾಗಿ ಕುಂಡದಲ್ಲೇ ಬಿತ್ತಬೇಕು. ಸುಮಾರು 40 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಸಿದ್ಧ. ಸೆಕೆ ಹೆಚ್ಚಾದರೆ ಬೇಗ ಹೂಬಿಟ್ಟು ಎಲೆ ನಿಲ್ಲುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿರುವ ‘ಅರ್ಕ ಇಶಾ’ ತಳಿಯನ್ನು ಹಲವು ಬಾರಿ ಕತ್ತರಿಸಿ ಬಳಸಬಹುದಾದ್ದರಿಂದ ಕುಂಡಕ್ಕೆ ಅನುಕೂಲಕರ.

ಮೆಂತ್ಯ ಇನ್ನೂ ಸರಳ. ಮೂರು ನಾಲ್ಕು ದಿನಗಳಲ್ಲಿ ಮೊಳೆತು, ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ. ಬಿತ್ತನೆಗೆಂದು ಮಾರುವ ಬಣ್ಣ ಲೇಪಿತ ಬೀಜಗಳಿಗೆ ಶಿಲೀಂಧ್ರನಾಶಕ ಸವರಿರುವುದುಂಟು. ಮೊಳಕೆಯಲ್ಲೇ ತಿನ್ನುವ ಎಳೆಸೊಪ್ಪಿಗೆ ಅವುಗಳನ್ನು ಬಳಸಲೇಬಾರದು, ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಸಾಕು. ತಂಬುಳಿ, ಬಜ್ಜಿಗಳಿಗೆ ಹೆಸರಾದ ದೊಡ್ಡಪತ್ರೆ ಒಂದು ತುಂಡು ಕಡ್ಡಿ ಊರಿದರೂ ಚಿಗುರುತ್ತದೆ. ಅದರ ದಪ್ಪ ಎಲೆಗಳಲ್ಲೇ ನೀರಿನ ಸಂಗ್ರಹವಿರುವುದರಿಂದ ಹೆಚ್ಚು ನೀರೇ ಅದಕ್ಕೆ ಶತ್ರು.

ಐದಾರು ಗಂಟೆ ಬಿಸಿಲು: ಕರಿಬೇವು, ಕಾಮಕಸ್ತೂರಿ, ಮಜ್ಜಿಗೆ ಹುಲ್ಲು. ಇವು ಕಿಟಕಿಗಿಂತ ಬಾಲ್ಕನಿಗೆ ಸೇರಿದವು. ಕರಿಬೇವು ಸ್ವಭಾವತಃ ಮರ, ಅದಕ್ಕೆ ಒಂದೂವರೆ ಅಡಿ ಆಳದ ಕುಂಡ ಬೇಕು. ಬರಿಯ ಎಲೆ ಕೀಳುವ ಬದಲು ತುದಿಯನ್ನು ಚಿವುಟಿದರೆ ಕವಲೊಡೆದು ದಟ್ಟವಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1 ಮತ್ತು ಡಿಡಬ್ಲ್ಯುಡಿ-2 ಪ್ರಸಿದ್ಧ ತಳಿಗಳು. ಮೊದಲನೆಯದು ಚಳಿಗಾಲದಲ್ಲಿ ಚಿಗುರಲು ಹಿಂಜರಿಯುತ್ತದೆ, ಎರಡನೆಯದಕ್ಕೆ ಆ ತೊಂದರೆ ಕಡಿಮೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಗಾಳಿಯಾಡದ ಮನೆಯೊಳಗಿನ ಕುಂಡಕ್ಕೆ ಅದನ್ನು ಸುರಿದರೆ ದುರ್ವಾಸನೆಯೂ ನೊಣಗಳೂ ಖಚಿತ.

ಬಿಸಿಲೇ ಬಾರದ ಮನೆಗಳಲ್ಲಿ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಗಿಡದ ತುದಿಯಿಂದ ಒಂದು ಅಡಿಯೊಳಗೆ ತೂಗುಹಾಕಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ಪುದೀನ, ಮೆಂತ್ಯಗಳನ್ನು ಬೆಳೆಯಬಹುದು. ಚಾವಣಿಯ ದೀಪದಿಂದ ಈ ಕೆಲಸ ಆಗದು.

ಕುಂಡ, ಮಣ್ಣು, ನೀರು

ತಳದಲ್ಲಿ ರಂಧ್ರವಿಲ್ಲದ ಪಾತ್ರೆ ಎಷ್ಟೇ ಅಂದವಾಗಿದ್ದರೂ ಕುಂಡವಲ್ಲ. ಸೊಪ್ಪುಗಳಿಗೆ ಆರರಿಂದ ಎಂಟು ಅಂಗುಲ ಆಳ ಸಾಕು. ಕೆಂಪು ಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ ಎಂದು ಮಾರಾಟವಾಗುವ ತೆಂಗಿನ ನಾರಿನ ಪುಡಿ, ಈ ಮೂರನ್ನೂ ಸಮಪ್ರಮಾಣದಲ್ಲಿ ಬೆರೆಸಿದ ಮಿಶ್ರಣ ಹಗುರವಾಗಿದ್ದು ನೀರು ಬಸಿಯುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರಬಹುದಾದ್ದರಿಂದ ಒಂದೆರಡು ಬಾರಿ ತೊಳೆದು ಬಳಸುವುದು ಒಳಿತು.

ನೀರೆರೆಯಲು ಗಡಿಯಾರ ನೋಡಬೇಕಿಲ್ಲ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಬಸಿಯುವಷ್ಟು ನೀರು ಹಾಕಬೇಕು. ತೇವ ಬಯಸುವ ಒಂದೆಲಗಕ್ಕೆ ಮಾತ್ರ ಮೇಲ್ಮಣ್ಣು ಒಣಗುವ ಮೊದಲೇ ನೀರು ಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಬೇಕು. ಇದು ಬೇರಿನ ಆರೋಗ್ಯದ ಪ್ರಶ್ನೆ ಮಾತ್ರವಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ. ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡುವ ಮನೆಗಳಿಗೂ ದಂಡ ವಿಧಿಸುವ ನಿಯಮ ತಂದಿತು. ಬೇರು ಬರಿಸಲು ಇಟ್ಟ ಲೋಟದ ನೀರನ್ನೂ ಎರಡು ದಿನಕ್ಕೊಮ್ಮೆ ಬದಲಿಸತಕ್ಕದ್ದು.

ಕೀಟ ಬಂದಾಗ

ಎಳೆ ಚಿಗುರಿನಲ್ಲಿ ಸಸ್ಯಹೇನು ಕಂಡರೆ ನಲ್ಲಿಯ ನೀರಿನಡಿ ತೊಳೆಯುವುದೇ ಮೊದಲ ಮದ್ದು. ಹತೋಟಿಗೆ ಬಾರದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಕೆಲವು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬಹುದು. ಬಳಿಕ ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಬೇಕು. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದರಿಂದ ನಿಂಬೆ ಚಿಟ್ಟೆಯ ಮರಿಹುಳುಗಳು ಅದನ್ನೂ ಅರಸಿ ಬರುತ್ತವೆ. ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆ, ಬೆಳೆದ ಮೇಲೆ ಹಚ್ಚಹಸಿರಾಗಿ ಕಾಣುವ ಇವನ್ನು ಕೈಯಿಂದ ಆರಿಸಿ ತೆಗೆದರಾಯಿತು. ಇಂದು ಕಿತ್ತು ಇಂದೇ ತಿನ್ನುವ ಸೊಪ್ಪಿಗೆ ರಾಸಾಯನಿಕ ಕೀಟನಾಶಕ ಬಳಸುವುದಾದರೆ ಮನೆಯಲ್ಲಿ ಬೆಳೆಯುವ ಉದ್ದೇಶವೇ ಸೋತಂತೆ.

ಎಷ್ಟು ನಿರೀಕ್ಷಿಸಬಹುದು?

ಒಂದು ಅಡಿ ಅಗಲದ ತೊಟ್ಟಿಯ ಕೊತ್ತಂಬರಿ ಒಂದು ಕೊಯ್ಲಿಗೆ ಪೇಟೆಯ ಸಣ್ಣ ಕಟ್ಟಿನಷ್ಟು ಸಿಕ್ಕರೆ ಹೆಚ್ಚು. ದಿನವೂ ಕೊತ್ತಂಬರಿ ಬೇಕೆನ್ನುವ ಮನೆಯವರು ವಾರ ಹತ್ತು ದಿನಗಳ ಅಂತರದಲ್ಲಿ ನಾಲ್ಕು ತೊಟ್ಟಿಗಳಲ್ಲಿ ಸರದಿಯಂತೆ ಬಿತ್ತಬೇಕು. ಅಷ್ಟು ಜಾಗವಿಲ್ಲದವರು ಕಟ್ಟುಗಟ್ಟಲೆ ಬಳಸುವ ಮೆಂತ್ಯ, ಸಬ್ಬಸಿಗೆಗಳನ್ನು ಪೇಟೆಗೇ ಬಿಟ್ಟು, ಚಿಟಿಕೆಯಷ್ಟೇ ಬೇಕಾಗುವ ಪುದೀನ, ದೊಡ್ಡಪತ್ರೆ, ಒಂದೆಲಗಗಳನ್ನು ಮನೆಯಲ್ಲಿ ಬೆಳೆಯುವುದು ಜಾಣತನ. ಇವು ಬಹುವಾರ್ಷಿಕ ಸಸ್ಯಗಳಾದ್ದರಿಂದ ಮತ್ತೆ ಮತ್ತೆ ಬಿತ್ತುವ ಶ್ರಮವೂ ಇಲ್ಲ. ಒಂದೇ ಬಾರಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಗಿಡ ಬೇಗ ಚೇತರಿಸಿಕೊಳ್ಳುತ್ತದೆ.

ಲಾಲ್‌ಬಾಗ್‌ನಲ್ಲಿ ಸ್ವಾತಂತ್ರ್ಯೋತ್ಸವ ಹಾಗೂ ಗಣರಾಜ್ಯೋತ್ಸವದ ಸಂದರ್ಭದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಲ್ಲಿ, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೀಜ, ಸಸಿಗಳು ದೊರೆಯುತ್ತವೆ. ಆದರೆ ಕೊಳ್ಳಲು ಹೊರಡುವ ಮುನ್ನ ಒಂದು ಹಗಲು ಮನೆಯ ಕಿಟಕಿಗಳನ್ನು ಗಮನಿಸಿ, ಯಾವುದಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಸಿಗಳ ಪಟ್ಟಿ ತಯಾರಾಗಬೇಕಾದದ್ದು ಆ ಚೀಟಿಯನ್ನು ನೋಡಿ.