ಉಮೇದುವಾರರ ಪೂರ್ವವೃತ್ತಾಂತ

ಚುನಾವಣೆಯ ಕಾಲ ಬಂದಿತೆಂದರೆ ನಮ್ಮ ಊರುಗಳಲ್ಲಿ ಎರಡು ಬಗೆಯ ಚರಿತ್ರೆ ಕೇಳಿಬರುತ್ತದೆ. ಉಮೇದುವಾರನು ತನ್ನ ವಿಷಯವಾಗಿ ಹೇಳಿಕೊಳ್ಳುವುದೊಂದು; ಅವನ ಪ್ರತಿಕಕ್ಷಿಗಳು ಹೇಳುವುದು ಇನ್ನೊಂದು. ಪುರಸಭೆಯ ಅಧ್ಯಕ್ಷನಾಗಿದ್ದಾಗ ಊರಿಗೆ ನೀರು ತಂದೆನೆಂದು ಆತನೂ, ತಂದದ್ದು ಗುತ್ತಿಗೆದಾರರಿಗೆ ಲಾಭವೆಂದು ಇವರೂ ಸಾರುತ್ತಾರೆ. ಈ ಎರಡನ್ನೂ ಕೇಳಿ, ಯಾರ ಗಂಟಲು ದೊಡ್ಡದೋ ಅವರ ಕಡೆಗೆ ಒಲಿಯುವುದು ವಿವೇಕವಲ್ಲ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಶಾಸನವನ್ನು ಓದುವಾಗ ಹೊಗಳಿಕೆಯನ್ನು ಬದಿಗಿಟ್ಟು, ಕೊಟ್ಟ ಭೂಮಿ ಎಷ್ಟು, ಕೊಟ್ಟವರು ಯಾರು, ಸಾಕ್ಷಿಗಳು ಯಾರು ಎಂಬುದನ್ನು ಮೊದಲು ನೋಡುತ್ತೇವೆ. ಮತ ಬೇಡಿ ಬಂದವರ ಪೂರ್ವವೃತ್ತಾಂತಕ್ಕೂ ಅದೇ ಕ್ರಮ ಸಲ್ಲತಕ್ಕದ್ದು.

ಈ ಕ್ರಮ ನಮ್ಮ ನಾಡಿಗೆ ಹೊಸದೇನಲ್ಲ. 1881ನೆಯ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಕೂಡಿಸಿದರು. ಬಂದಿದ್ದವರು 144 ಮಂದಿ. ಯಾರೂ ಮತದಿಂದ ಆರಿಸಿಬಂದವರಲ್ಲ. ಚುನಾವಣೆಯ ಹಕ್ಕು ಆ ಸಭೆಗೆ ದೊರೆತದ್ದು 1891ರಲ್ಲಿ. ಆದರೂ ಸರ್ಕಾರದ ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ದಿವಾನರು ಆ ಸಭೆಯ ಮುಂದೆ ನಿಂತು ವಿವರಿಸುವ ಪದ್ಧತಿ ನೆಲೆಗೊಂಡಿತು. ಪ್ರಜೆಗಳ ಮತದಿಂದ ಬಾರದ ಅಧಿಕಾರಿಯೇ ಲೆಕ್ಕ ಒಪ್ಪಿಸುತ್ತಿದ್ದಾಗ, ಮತದಿಂದಲೇ ಅಧಿಕಾರ ಪಡೆಯುವವನು ಅದನ್ನು ಒಪ್ಪಿಸದೆ ಇರುವುದು ಹೇಗೆ?

ಈ ಪ್ರಶ್ನೆಗೆ ನಿದರ್ಶನವನ್ನು ಮೈಸೂರಿಗೆ ದಕ್ಷಿಣದಲ್ಲಿರುವ ಎರಡು ಊರುಗಳಿಂದ ತೆಗೆದುಕೊಳ್ಳೋಣ. ಚಾಮರಾಜನಗರ, ಗುಂಡ್ಲುಪೇಟೆಗಳು 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಅರಿಕುಠಾರವೆಂಬ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ಅದು ಅರಸರು ಕೊಟ್ಟ ಹೆಸರು. ನೆರೆಯ ಗುಂಡ್ಲುಪೇಟೆಯಲ್ಲಿ ಹುಟ್ಟಿದ ಅಬ್ದುಲ್ ನಜೀರ್ ಸಾಬರಿಗೆ ‘ನೀರ್ ಸಾಬ್’ ಎಂದು ಹೆಸರಿಟ್ಟವರು ಪ್ರಜೆಗಳು. 1983ರ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯನ್ನು ವಹಿಸಿಕೊಂಡು, ಹಳ್ಳಿಹಳ್ಳಿಗೆ ಕೊಳವೆಬಾವಿಯಿಂದ ಕುಡಿಯುವ ನೀರು ಒದಗಿಸಿದುದರಿಂದ ಬಂದ ಹೆಸರು ಅದು.

ಜನರ ಪ್ರೀತಿಯ ಹೆಸರನ್ನೂ ಪರೀಕ್ಷಿಸದೆ ಬಿಡಲಾಗದು. ಕೊಳವೆಬಾವಿ ಬಾಯಾರಿದ ಊರಿಗೆ ನೀರು ಕೊಟ್ಟಿತೆಂಬುದು ನಿಜ. ಮುಂದಿನ ದಶಕಗಳಲ್ಲಿ ಬೇಸಾಯಕ್ಕಾಗಿ ಎಲ್ಲೆಲ್ಲಿಯೂ ಅಂಥ ಬಾವಿಗಳನ್ನು ಕೊರೆದು, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಂತರ್ಜಲ ಪಾತಾಳಕ್ಕಿಳಿಯಿತೆಂಬುದೂ ನಿಜ. ಎರಡನೆಯದರ ಹೊಣೆಯನ್ನು ಕುಡಿಯುವ ನೀರು ಕೊಟ್ಟವರ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಹಾಗೆಯೇ, ಎಷ್ಟು ಬಾವಿ ತೋಡಿಸಿದರೆಂದು ಎಣಿಸಿ ಸುಮ್ಮನಾಗುವುದೂ ಅರೆಬರೆ ಕೆಲಸ. ಅವರ ನಿಜವಾದ ಸಾಧನೆ ಬೇರೊಂದುಂಟು. 1983ರ ಕಾನೂನಿನಿಂದ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಹುಟ್ಟಿದವು. ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. ಹಳ್ಳಿಯ ಲೆಕ್ಕವನ್ನು ಹಳ್ಳಿಯವರೇ ಕೇಳಲು ಗ್ರಾಮಸಭೆಗೆ ಕಾನೂನಿನ ಬಲ ಬಂದಿತು. ಆ ಕಾನೂನಿನಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮರುವರ್ಷವೇ ನಜೀರ್ ಸಾಬರು ತೀರಿಕೊಂಡರು. ಒಬ್ಬ ಮುಖಂಡನು ತನ್ನ ಕಾರ್ಯವನ್ನು ಪರೀಕ್ಷಿಸುವ ಅಧಿಕಾರವನ್ನು ತಾನೇ ಜನರ ಕೈಗೆ ಕೊಟ್ಟನೆ ಎಂಬುದಕ್ಕಿಂತ ಮೇಲಾದ ಒರೆಗಲ್ಲು ನಮಗೆ ಕಾಣದು.

ಇನ್ನು ಸಾಧಾರಣ ಉಮೇದುವಾರರ ಮಾತು. ಶಾಸನಸಭೆಯವರ ನಡತೆಗೆ ಅಚ್ಚಾದ ಸಾಕ್ಷ್ಯವಿರುತ್ತದೆ. ಗುಂಡ್ಲುಪೇಟೆಯಿಂದಲೇ ಆರಿಸಿಬಂದು, 1972ರಲ್ಲಿ ರಾಜ್ಯದ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷರಾದ ಕೆ. ಎಸ್. ನಾಗರತ್ನಮ್ಮನವರ ತೀರ್ಪುಗಳನ್ನು ನೋಡಬೇಕೆನ್ನುವವರಿಗೆ ಸಭೆಯ ನಡವಳಿಗಳ ಸಂಪುಟಗಳುಂಟು. ಪುರಸಭೆಯ ಸದಸ್ಯನ ಮಾತಾದರೋ ನಡವಳಿ ಪುಸ್ತಕದಲ್ಲಿ ಅಡಗಿ, ಕಛೇರಿಯ ಬೀರುವಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಅದನ್ನು ತೆರೆಯಿಸಿ ನೋಡುವವರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಆತನು ಸಭೆಗಳಿಗೆ ಬಂದನೆ? ಬಂದಾಗ ಯಾವ ಠರಾವಿನ ಪರವಾಗಿ ಕೈಯೆತ್ತಿದನು? ಎರಡನೆಯದು, ಕಂದಾಯ ಎಷ್ಟು ವಸೂಲಾಯಿತು, ಯಾವುದಕ್ಕೆ ವೆಚ್ಚವಾಯಿತು, ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರ ಬಂದಿತೆ? ಮೂರನೆಯದು, ಆ ಸಂಸ್ಥೆಗೆ ಅಧಿಕಾರವೆಷ್ಟಿತ್ತು? 1959ರ ಕಾನೂನಿನ ಜಿಲ್ಲಾ ಅಭಿವೃದ್ಧಿ ಮಂಡಳಿ ಸಲಹೆ ಕೊಡುವುದಷ್ಟಕ್ಕೇ ಇದ್ದದ್ದು. ಅದರ ಸದಸ್ಯನನ್ನು ರಸ್ತೆಯಾಗಲಿಲ್ಲವೆಂದು ದೂರಿ ಫಲವಿಲ್ಲ. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಅವು ಆಡಳಿತಾಧಿಕಾರಿಗಳ ವಶವಾದವು. ಹೊಸ ಜಿಲ್ಲಾ ಪಂಚಾಯತಿಗಳಿಗೆ ಚುನಾವಣೆಯಾದದ್ದು 1995ರಲ್ಲಿ. ನಡುವಣ ಕೆಲಸದ ಕೀರ್ತಿಯಾಗಲಿ ಅಪಕೀರ್ತಿಯಾಗಲಿ ಆರಿಸಿಬಂದವರದಲ್ಲ. ನಾಲ್ಕನೆಯದು, ಕುರ್ಚಿಯಲ್ಲಿ ಕುಳಿತವರೇ ಆಳಿದರೆ? ಮೀಸಲು ಸ್ಥಾನದಲ್ಲಿ ಹೆಂಡತಿಯನ್ನು ಕೂರಿಸಿ ಗಂಡನು ಅಧಿಕಾರ ನಡೆಸಿದ್ದರೆ, ಪೂರ್ವವೃತ್ತಾಂತ ಯಾರ ಹೆಸರಿಗೆ ಸೇರಬೇಕು?

ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದಾಗಿ ಉಮೇದುವಾರರು ತಮ್ಮ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯೆ ಇವುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಹಿಂದೆ ಪುರಸಭೆಯಲ್ಲಿ ಎಷ್ಟು ದಿನ ಹಾಜರಿದ್ದೆ, ಏನು ಮಾಡಿದೆ ಎಂದು ಆ ಪತ್ರ ಕೇಳುವುದಿಲ್ಲ. ಅವನಲ್ಲಿ ಎಷ್ಟು ಚಿನ್ನವಿದೆಯೆಂಬುದು ನಮಗೆ ತಿಳಿಯುತ್ತದೆ. ನಮ್ಮ ಚರಂಡಿಯನ್ನು ಏನು ಮಾಡಿದನೆಂಬುದು ತಿಳಿಯುವುದಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು 2005ರ ಮಾಹಿತಿ ಹಕ್ಕಿನ ಕಾನೂನು ದಾರಿ ಮಾಡಿಕೊಟ್ಟಿದೆ. ನಡವಳಿ ಪುಸ್ತಕದ ನಕಲನ್ನು ಯಾವ ಪ್ರಜೆಯಾದರೂ ಕೇಳಿ ಪಡೆಯಬಹುದು.

ಕೇಳುವವರು ಯಾರು? ವಿದ್ಯಾವಂತರೆನ್ನಿಸಿಕೊಂಡ ನಾವು ದೆಹಲಿಯ ರಾಜಕೀಯವನ್ನು ಸಾಯಂಕಾಲವೆಲ್ಲ ಚರ್ಚಿಸುತ್ತೇವೆ. ನಮ್ಮ ವಾರ್ಡಿನ ಸದಸ್ಯರ ಹೆಸರನ್ನು ಕೇಳಿದರೆ ತಡವರಿಸುತ್ತೇವೆ. ಸ್ಥಳೀಯ ಸಂಸ್ಥೆಯನ್ನು ಕೀಳೆಂದು ನಾವು ದೂರವಿರಿಸಿದಷ್ಟು ಕಾಲವೂ ಅಲ್ಲಿ ಬೆಳೆದವರು ಪರೀಕ್ಷೆಯಿಲ್ಲದೆಯೇ ಮೇಲಣ ತರಗತಿಗೆ ಹೋಗುತ್ತಿರುತ್ತಾರೆ. ಸದಸ್ಯನ ಪೂರ್ವವೃತ್ತಾಂತವನ್ನು ಚುನಾವಣೆಯ ಹಿಂದಿನ ವಾರ ಹುಡುಕಹೊರಟರೆ ಸಿಕ್ಕುವುದು ವದಂತಿ ಮಾತ್ರ. ಐದು ವರ್ಷವೂ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವರಿಗೆ ಅದನ್ನು ಹುಡುಕಬೇಕಾದ ಅಗತ್ಯವೇ ಇರುವುದಿಲ್ಲ.