ಆಶ್ರಯನಾಶವೂ ಆಶ್ರಿತನಾಶವೂ: ಒಂದು ಕಿರುಶಂಬೂಕದ ವೃತ್ತಾಂತ

ಇತಿಹಾಸವೆಂದರೆ ರಾಜವಂಶಗಳ ಉದಯಾಸ್ತಗಳ ಕಥನವೆಂಬುದು ಲೋಕರೂಢಿ. ಆದರೆ ಶಾಸನವಿಲ್ಲದೆ ಅಳಿದ ಜೀವಕುಲಗಳಿಗೂ ಇತಿಹಾಸವುಂಟು. ಅಂತಹುದೊಂದರ ಅವಸಾನವನ್ನೂ ಅದರ ಕಾರಣವನ್ನೂ ಇಲ್ಲಿ ವಿಚಾರಿಸುವೆವು.

ಅಟ್ಲಾಂಟಿಕ್ ಸಾಗರದ ಉಭಯತೀರಗಳಲ್ಲಿ, ಆಳವಿಲ್ಲದ ನೀರಿನಡಿಯಲ್ಲಿ, ಜೋಸ್ಟೆರಾ ಮರೀನಾ ಎಂಬ ಹುಲ್ಲು ಬೆಳೆಯುತ್ತದೆ. ಇದು ಪಾಚಿಯಲ್ಲ, ಬೇರೂ ಹೂವೂ ಉಳ್ಳ ಸಸ್ಯವೇ ಸರಿ. ಇದರ ನೀಳವಾದ ಎಲೆಗಳು ಹುಳು, ಸೀಗಡಿ, ಶಂಬೂಕ ಮೊದಲಾದ ಬೆನ್ನೆಲುಬಿಲ್ಲದ ಕಿರುಜೀವಿಗಳಿಗೆ ನೆಲೆ. ಅವುಗಳಲ್ಲಿ ಲೋಟಿಯಾ ಆಲ್ವಿಯಸ್ ಎಂಬುದೊಂದು. ಅಮೆರಿಕದ ವಿದ್ವಾಂಸ ತಿಮೋತಿ ಕಾನ್ರಡನು 1831ರಲ್ಲಿ ಇದನ್ನು ಮೊದಲು ವರ್ಣಿಸಿದನು. ಲ್ಯಾಬ್ರಡಾರಿನಿಂದ ಲಾಂಗ್ ಐಲೆಂಡ್ ಕೊಲ್ಲಿಯವರೆಗಿನ ತೀರ ಇದರ ವಾಸಸ್ಥಾನ. ಎಲೆಯ ಅಗಲಕ್ಕೆ ಒಪ್ಪುವಂತೆ ಇದರ ಚಿಪ್ಪು ಕಿರಿದಾಗಿತ್ತು. ಎಲೆಯ ಮೇಲ್ಪದರವೇ ಇದಕ್ಕೆ ಆಹಾರ. ಹೀಗೆ ಮನೆಯೂ ಅನ್ನವೂ ಒಂದೇ ಆಗಿದ್ದಿತು.

1930ರ ದಶಕದ ಆರಂಭದಲ್ಲಿ ಆ ಹುಲ್ಲಿಗೆ ರೋಗ ತಗುಲಿತು. ಎಲೆಗಳು ಕಪ್ಪಾಗಿ ಉದುರಿ, ಕೆಲವೇ ವರ್ಷಗಳಲ್ಲಿ ನೂರಕ್ಕೆ 90ರಷ್ಟು ಹುಲ್ಲು ನಾಶವಾಯಿತು. ಲ್ಯಾಬಿರಿಂಥುಲಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು 1980ರ ದಶಕದ ಪರೀಕ್ಷೆಗಳಿಂದ ತಿಳಿದುಬಂದಿತು. ಹುಲ್ಲನ್ನು ಮೇಯುವ ಬ್ರಾಂಟ್ ಹೆಬ್ಬಾತುಗಳು ಕ್ಷೀಣಿಸಿದುದನ್ನು ಜನರು ಆಗಲೇ ಕಂಡರು. ಶಂಬೂಕದ ಕಡೆಗೆ ಯಾರ ದೃಷ್ಟಿಯೂ ಹೊರಳಲಿಲ್ಲ.

ಆಶ್ರಯವು ನಾಶವಾಗಲು ಆಶ್ರಿತವೂ ನಾಶವಾಗುವುದೆಂದು ತಾರ್ಕಿಕರು ಹೇಳುವರು. ಇಲ್ಲಿ ಒಂದು ಶಂಕೆ ಏಳುತ್ತದೆ: ಹುಲ್ಲು ನಿರ್ಮೂಲವಾಗಲಿಲ್ಲವಷ್ಟೆ, ಶಂಬೂಕವೇಕೆ ಅಳಿಯಿತು? ಸಮಾಧಾನವಿದು: ನದೀಮುಖಗಳಲ್ಲಿ, ಉಪ್ಪು ಕಡಮೆಯಾದ ನೀರಿನಲ್ಲಿ, ರೋಗವು ಪ್ರಬಲಿಸದೆ ಹುಲ್ಲು ಉಳಿದುಕೊಂಡಿತು, ಅಂತಹ ನೀರನ್ನು ಶಂಬೂಕವು ಸಹಿಸಲಾರದು. ಆಶ್ರಯಕ್ಕೆ ರಕ್ಷೆಯಾದ ಸ್ಥಳವೇ ಆಶ್ರಿತಕ್ಕೆ ದುರ್ಗಮವಾಯಿತು. ಮುಂದೆ ಹುಲ್ಲು ಎಷ್ಟೋ ಕಡೆ ಮರಳಿ ಹಬ್ಬಿತು. ಅದನ್ನು ಸೇರಲು ಶಂಬೂಕವು ಉಳಿದಿರಲಿಲ್ಲ. ಇದರ ಹತ್ತಿರದ ಬಂಧುಗಳು ಶಾಂತಸಾಗರದ ಉತ್ತರತೀರದಲ್ಲಿ ಮಾತ್ರ ಉಳಿದಿವೆ.

ಅಟ್ಲಾಂಟಿಕ್ ತೀರದಲ್ಲಿ ಇದು ಸಜೀವವಾಗಿ ಕಡೆಯದಾಗಿ ದೊರೆತದ್ದು 1929ರಲ್ಲಿ. ಈ ಅಳಿವನ್ನು ಜೇಮ್ಸ್ ಕಾರ್ಲ್‌ಟನ್ ಮೊದಲಾದ ಸಂಶೋಧಕರು ಪ್ರಕಟಿಸಿದ್ದು 1991ರಲ್ಲಿ. ನಡುವಣ 60 ವರ್ಷಗಳ ಮೌನವನ್ನು ಮುರಿಯಲು ನೆರವಾದವು ಸಂಗ್ರಹಾಲಯಗಳಲ್ಲಿದ್ದ ಚಿಪ್ಪುಗಳೂ ಅವುಗಳೊಡನೆ ಬರೆದಿಟ್ಟ ಸ್ಥಳಕಾಲಗಳೂ. ಶಾಸನಕ್ಕೆ ಮಿತಿಯಂತೆ ಚಿಪ್ಪಿಗೆ ಆ ಬರಹವೇ ಪ್ರಮಾಣ. ಆದುದರಿಂದ ಇಂದು ಅಲ್ಪವೆಂದು ತೋರುವ ಜೀವಿಗಳನ್ನೂ ಸ್ಥಳಕಾಲನಿರ್ದೇಶದೊಡನೆ ಸಂಗ್ರಹಿಸಿಡುವುದು ಇತಿಹಾಸಕಾರರ ಕರ್ತವ್ಯವೂ ಹೌದೆಂದು ನಾವು ಭಾವಿಸುತ್ತೇವೆ.