ಆಕರ

ಸಂಸ್ಕೃತದಲ್ಲಿ ‘ಆಕರ’ ಎಂದರೆ ಗಣಿ. ಕಡಲು ರತ್ನಗಳ ಗಣಿ, ಆದ್ದರಿಂದ ರತ್ನಾಕರ; ಗುಣಾಕರ, ಕರುಣಾಕರ ಎಂಬ ಹೆಸರುಗಳೂ ಹಾಗೆಯೇ ಬಂದವು. ಕನ್ನಡದ ವಿದ್ವಾಂಸರು ಇದನ್ನು ಮಾಹಿತಿ ಸಿಗುವ ನೆಲೆಗೆ ಬಳಸಿ ‘ಆಕರ ಗ್ರಂಥ’, ‘ಆಕರ ಸೂಚಿ’ ಎಂದರು. ‘ಮೂಲ’ಕ್ಕಿಂತ ನನಗೆ ಇದೇ ಪ್ರಿಯ. ಗಣಿಯಲ್ಲಿ ಅದಿರಿನ ಜೊತೆ ಮಣ್ಣೂ ಬರುತ್ತದೆ, ಬೇರ್ಪಡಿಸಿ ತೆಗೆಯಬೇಕು.

ಬೆಂಗಳೂರಿನ ಜಯನಗರ, ಬನಶಂಕರಿಯ ಕಾಲೇಜುಗಳಿಗೆ ಹೊಸದಾಗಿ ಸೇರಿದ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದಾಗ ಕಲಿಸಬೇಕಾದ ಮೊದಲ ಪದವಿದು. ಫೋನಿನಲ್ಲಿ ಕಂಡ ಒಂದು ಸಾಲಿಗೆ ಆಕರ ಯಾವುದು? ಬರೆದವರು ಯಾರು, ಯಾವ ವರ್ಷ? 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ (ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್, ಹೊಸಬರಿಗೆ ಗ್ರಂಥಾಲಯದ ಬಳಕೆ ತಿಳಿಸಿಕೊಡುವುದನ್ನು ಪರಾಮರ್ಶನ (ರೆಫರೆನ್ಸ್) ಸೇವೆಯ ಭಾಗವೆಂದೇ ಎಣಿಸಿದ್ದರು.